ತಟ್ಟಿಕೊಂಡರೆ ಸಿಟ್ಟು ಇಳಿಯುತ್ತಾ?

ಪ್ರಶ್ನೆ: ನನಗೆ 43 ವರ್ಷ. ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನಲ್ಲಿ. ದಿನಾ ರೈಲಿನಲ್ಲಿ ಓಡಾಟ. ಅತ್ತೆಗೆ ಲಕ್ವ ಹೊಡೆದು ಒಂದೂವರೆ ವರ್ಷ ಆಯಿತು. ಬೆಳಿಗ್ಗೆ ಅವರ ಸ್ನಾನ, ತಿಂಡಿ, ಮಾತ್ರೆ ಎಲ್ಲ ಮುಗಿಸಿಯೇ ನಾನು ಹೊರಡಬೇಕು. ಈಚೆಗೆ ಸಣ್ಣದಕ್ಕೂ ಸಿಟ್ಟು ನೆತ್ತಿಗೇರುತ್ತದೆ. ಹೋದ ವಾರ ಅತ್ತೆ ತಿಂಡಿ ತಟ್ಟೆ ತಳ್ಳಿದರು ಅಂತ ಕಿರುಚಿಬಿಟ್ಟೆ. ರೈಲು ಹತ್ತಿದ ಮೇಲೆ ಎದೆ ಢವಢವ, ಕೈ ನಡುಕ. ರಾತ್ರಿ ಮೂರು ಗಂಟೆಗೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ. ಜೊತೆಗೆ ಓಡಾಡುವ ಗೆಳತಿಯೊಬ್ಬಳು ಮುಖ, ಎದೆಯ ಮೇಲೆ ಬೆರಳಿನಿಂದ ತಟ್ಟಿಕೊಳ್ಳುವ ಆಕ್ಯುಪ್ರೆಶರ್ ಟ್ಯಾಪಿಂಗ್ ತೋರಿಸಿಕೊಟ್ಟಳು. ಮೊದಲ ದಿನ ಹಗುರ ಅನಿಸಿತು. ಆಮೇಲೆ ಏನೂ ಇಲ್ಲ. ವಿಡಿಯೋದಲ್ಲಿ ಹೇಳಿಸುವ ‘ನನ್ನನ್ನು ನಾನು ಪೂರ್ತಿಯಾಗಿ ಪ್ರೀತಿಸುತ್ತೇನೆ’ ಅನ್ನುವ ಮಾತು ಬಾಯಿಗೆ ಬಂದರೂ ಮನಸ್ಸಿಗೆ ಬರುವುದಿಲ್ಲ. ಇದು ನಿಜವಾಗಿ ಕೆಲಸ ಮಾಡುತ್ತಾ? ಇದನ್ನು ಮಾಡಿದರೆ ಬಿಪಿ ಮಾತ್ರೆ ಬಿಡಬಹುದು ಅಂತಾರೆ, ಹೌದಾ? ದುಡ್ಡು ಕಟ್ಟಿ ಶಿಬಿರಕ್ಕೆ ಸೇರಬೇಕಾ? ಎಸ್ಸೆಸ್ಸೆಲ್ಸಿ ಓದುತ್ತಿರುವ ಮಗಳಿಗೂ ಹೇಳಿಕೊಡಬಹುದಾ?

ಉತ್ತರ: ಮೊದಲು ಬಿಪಿ ಮಾತ್ರೆಯ ವಿಷಯ. ಬಿಡಬೇಡಿ. ಟ್ಯಾಪಿಂಗ್‌ನಿಂದ ಬಿಪಿ ಇಳಿಯಿತು ಅಂತ ಹೇಳುವ ಅಧ್ಯಯನ ಇದೆ. ಆದರೆ ಅದರಲ್ಲಿ ಟ್ಯಾಪಿಂಗ್ ಮಾಡದ ಇನ್ನೊಂದು ಗುಂಪೇ ಇರಲಿಲ್ಲ. ಶಿಬಿರಕ್ಕೆ ಬಂದು ಕೆಲವು ದಿನ ಮನೆ ಚಿಂತೆ ಬಿಟ್ಟು ಕೂತವರ ಬಿಪಿ ಹೇಗೂ ಸ್ವಲ್ಪ ಇಳಿಯುತ್ತದೆ, ಅಲ್ವಾ? ಅದನ್ನು ನಂಬಿ ಮಾತ್ರೆ ನಿಲ್ಲಿಸುವುದು ಅಪಾಯ. ಮನೆಯಲ್ಲಿ ಒಬ್ಬರಿಗೆ ಲಕ್ವ ಆಗಿದೆ. ಲಕ್ವಕ್ಕೆ ದೊಡ್ಡ ಕಾರಣವೇ ಹತೋಟಿ ತಪ್ಪಿದ ಬಿಪಿ. ನಿಮಗೆ ಯಾರು ಈ ಸಲಹೆ ಕೊಟ್ಟರೋ ಅವರಿಗೂ ಇದನ್ನು ಹೇಳಿ.

ಎರಡನೆಯದು ಎದೆ ಢವಢವ. ಇದು ಒತ್ತಡದಿಂದಲೇ ಇರಬಹುದು. ಹಾಗಂತ ಅಂದುಕೊಂಡು ಸುಮ್ಮನಾಗಬೇಡಿ. ಒಂದು ಸಲ ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ ನೋಡಿಸಿಬಿಡಿ. ಥೈರಾಯ್ಡ್ ಜಾಸ್ತಿ ಆದರೂ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಸಿಟ್ಟು ಬೇಗ ಬರುತ್ತದೆ. ರಕ್ತ ಕಡಿಮೆ ಇದ್ದರೂ ಎದೆ ಢವಢವ ಅನ್ನುತ್ತದೆ. 43ರ ಆಸುಪಾಸಿನಲ್ಲಿ ಮುಟ್ಟಿನ ಏರುಪೇರು ಶುರುವಾದರೆ ರಾತ್ರಿ ಎಚ್ಚರ ಆಗುವುದೂ ಉಂಟು. ಇವೆಲ್ಲ ತಟ್ಟಿದರೆ ಹೋಗುವಂಥವಲ್ಲ. ಎದೆಯಲ್ಲಿ ಹಿಂಡಿದ ಹಾಗೆ ನೋವು, ಬೆವರು, ಎಡಗೈ ಸೆಳೆತ, ಉಸಿರು ಕಟ್ಟುವುದು ಕಂಡರಂತೂ ನೇರ ಆಸ್ಪತ್ರೆಗೆ ಹೋಗಬೇಕು.

ಇಷ್ಟು ಹೇಳಿದ ಮೇಲೆ ಟ್ಯಾಪಿಂಗ್ ಬಗ್ಗೆ ಸಮಾಧಾನವಾಗಿ ಮಾತಾಡೋಣ. ನಾನು ಇದನ್ನು ತಳ್ಳಿಹಾಕುವವನಲ್ಲ. ಆಪ್ತಸಲಹೆಗೆ ಬರುವವರಲ್ಲಿ ಕೆಲವರಿಗೆ ನಾನೇ ಹೇಳಿಕೊಡುತ್ತೇನೆ. ಆದರೆ ಅದರ ಜೊತೆ ಬರುವ ಎಲ್ಲ ಮಾತನ್ನೂ ಹೇಳಿಕೊಡುವುದಿಲ್ಲ.

ಇದು ನೀವು ಅಂದುಕೊಂಡಷ್ಟು ಹಳೆಯದಲ್ಲ. ತಟ್ಟುವ ಜಾಗಗಳು ಚೀನಾದ ಆಕ್ಯುಪಂಕ್ಚರ್‌ನವು, ಅವು ಹಳೆಯವು. ಆದರೆ ಮನಸ್ಸಿನಲ್ಲಿ ಒಂದು ಕಷ್ಟವನ್ನು ನೆನೆಯುತ್ತಾ ಆ ಜಾಗಗಳನ್ನು ತಟ್ಟುವ ಕ್ರಮ ಶುರುವಾದದ್ದು 1980ರ ದಶಕದ ಅಮೆರಿಕದಲ್ಲಿ. ರೋಜರ್ ಕ್ಯಾಲಹನ್ ಅನ್ನುವ ಮನಶ್ಶಾಸ್ತ್ರಜ್ಞರು ನೀರು ಕಂಡರೆ ಹೆದರುತ್ತಿದ್ದ ಒಬ್ಬ ಮಹಿಳೆಯ ಕಣ್ಣಿನ ಕೆಳಗೆ ತಟ್ಟಿಸಿದರು. ಅವರ ಭಯ ಹೋಯಿತು ಅನ್ನುವಲ್ಲಿಂದ ಈ ಕಥೆ ಶುರು. ಕ್ಯಾಲಹನ್ ಒಂದೊಂದು ತೊಂದರೆಗೆ ಒಂದೊಂದು ಬಗೆಯ ತಟ್ಟುವ ಸರಣಿ ಇಟ್ಟಿದ್ದರು. ಅವರ ಹತ್ತಿರ ಕಲಿತ ಗ್ಯಾರಿ ಕ್ರೇಗ್ 1990ರ ದಶಕದಲ್ಲಿ ಅದನ್ನೆಲ್ಲ ಸರಳ ಮಾಡಿದರು. ಕ್ರೇಗ್ ಓದಿದ್ದು ಎಂಜಿನಿಯರಿಂಗ್. ಯಾವ ತೊಂದರೆ ಆದರೂ ಒಂದೇ ಕ್ರಮ ಸಾಕು ಅಂದರು. ಅದಕ್ಕೆ ಇಎಫ್‌ಟಿ (ಎಮೋಷನಲ್ ಫ್ರೀಡಮ್ ಟೆಕ್ನಿಕ್ಸ್) ಅಂತ ಹೆಸರಿಟ್ಟರು. ನಿಮ್ಮ ಗೆಳತಿ ತೋರಿಸಿದ್ದು ಇದನ್ನೇ.

ಕೆಲಸ ಮಾಡುತ್ತಾ ಅನ್ನುವುದಕ್ಕೆ ಬರೋಣ. 2012ರಲ್ಲಿ ಅಮೆರಿಕದಲ್ಲಿ 83 ಜನರ ಮೇಲೆ ಒಂದು ಅಧ್ಯಯನ ಆಯಿತು. ಒಂದು ಗುಂಪಿಗೆ ಒಂದು ಗಂಟೆ ಟ್ಯಾಪಿಂಗ್, ಒಂದಕ್ಕೆ ಬರೀ ಮಾತಿನ ಆಪ್ತಸಲಹೆ, ಇನ್ನೊಂದಕ್ಕೆ ಏನೂ ಇಲ್ಲ. ಒತ್ತಡ ಬಂದಾಗ ಮೈಯಲ್ಲಿ ಏರುವ ಕಾರ್ಟಿಸಾಲ್ ಅನ್ನುವ ಹಾರ್ಮೋನನ್ನು ಎಂಜಲಿನಲ್ಲಿ ಅಳೆದರು. ಟ್ಯಾಪಿಂಗ್ ಮಾಡಿದವರಲ್ಲಿ ಅದು ಸುಮಾರು 24% ಇಳಿದಿತ್ತು. ಉಳಿದ ಎರಡು ಗುಂಪಿನಲ್ಲೂ ಸುಮಾರು 14% ಇಳಿದಿತ್ತು. 2020ರಲ್ಲಿ ಆಸ್ಟ್ರೇಲಿಯಾದ ತಂಡ 53 ಜನರ ಮೇಲೆ ಅದನ್ನೇ ಮತ್ತೆ ಮಾಡಿದಾಗ ಟ್ಯಾಪಿಂಗ್ ಗುಂಪಿನಲ್ಲಿ ಇಳಿಕೆ 43% ಅಂತ ಬಂತು. ಕೇಳಲು ಚೆನ್ನಾಗಿದೆ. ಆದರೆ ಜನ ಕಡಿಮೆ. ಅಧ್ಯಯನ ಮಾಡಿದವರಲ್ಲಿ ಟ್ಯಾಪಿಂಗ್ ಕಲಿಸುವವರೇ ಮುಂದಿದ್ದರು. ಏನೂ ಮಾಡದೆ ಕೂತವರಿಗೂ 14% ಇಳಿದದ್ದನ್ನು ಶಿಬಿರದವರು ಹೇಳುವುದೇ ಇಲ್ಲ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು 2003ರ ಕೆನಡಾದ ಅಧ್ಯಯನ. 119 ವಿದ್ಯಾರ್ಥಿಗಳು, ಎಲ್ಲರಿಗೂ ಒಂದಲ್ಲ ಒಂದು ಭಯ. ಒಂದು ಗುಂಪು ಸರಿಯಾದ ಬಿಂದುಗಳನ್ನು ತಟ್ಟಿತು. ಇನ್ನೊಂದು ಗುಂಪಿಗೆ ತೋಳಿನ ಮೇಲೆ ಎಲ್ಲೋ ಬಿಂದು ಅಲ್ಲದ ಕಡೆ ತಟ್ಟಿಸಿದರು. ಮೂರನೆಯ ಗುಂಪು ತಮ್ಮ ಮೈ ಬಿಟ್ಟು ಒಂದು ಗೊಂಬೆಯನ್ನು ತಟ್ಟಿತು. ನಾಲ್ಕನೆಯದು ತಟ್ಟಲೇ ಇಲ್ಲ. ಮೊದಲ ಮೂರೂ ಗುಂಪಿನವರ ಭಯ ಹೆಚ್ಚುಕಡಿಮೆ ಒಂದೇ ಸಮ ಇಳಿಯಿತು. ನಾಲ್ಕನೆಯವರದು ಹಾಗೆ ಇಳಿಯಲಿಲ್ಲ. ಗೊಂಬೆ ತಟ್ಟುವಾಗ ಬೆರಳ ತುದಿಯ ಬಿಂದುಗಳು ಒತ್ತಿದವಲ್ಲ ಅಂತ ಟ್ಯಾಪಿಂಗ್‌ನವರು ವಾದಿಸುತ್ತಾರೆ. ನನಗೆ ಆ ವಾದ ಒಪ್ಪಿಗೆ ಆಗಿಲ್ಲ. ಮೈಯೊಳಗೆ ಶಕ್ತಿ ಹರಿಯುವ ನಾಡಿಗಳಿವೆ, ಅವು ಕಟ್ಟಿಕೊಂಡಾಗ ದುಃಖ ಬರುತ್ತದೆ, ತಟ್ಟಿದರೆ ಬಿಡಿಸಿಕೊಳ್ಳುತ್ತದೆ ಅನ್ನುವ ವಿವರಣೆಗೆ ದೇಹ ಶಾಸ್ತ್ರದಲ್ಲಿ ಆಧಾರ ಸಿಕ್ಕಿಲ್ಲ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ವೈದ್ಯರಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2018ರಲ್ಲಿ ಆಘಾತದ ನಂತರದ ಮಾನಸಿಕ ತೊಂದರೆಗೆ ಚಿಕಿತ್ಸಾ ಮಾರ್ಗಸೂಚಿ ತಂದಿತು. ಅದರಲ್ಲೂ ಟ್ಯಾಪಿಂಗ್ ಬಗ್ಗೆ ಇನ್ನೂ ಸಂಶೋಧನೆ ಆಗಬೇಕು ಅಂತಲೇ ಇದೆ.

ಹಾಗಾದರೆ ಜನಕ್ಕೆ ಹಗುರ ಆಗುವುದು ಸುಳ್ಳಾ? ಸುಳ್ಳಲ್ಲ. ತಟ್ಟುವಾಗ ನೀವು ಏನೇನು ಮಾಡುತ್ತಿರುತ್ತೀರಿ ಅಂತ ನೋಡಿ. ಓಡುತ್ತಿದ್ದವರು ಕೂರುತ್ತೀರಿ. ತಳ್ಳುತ್ತಿದ್ದ ಕಷ್ಟವನ್ನು ಬೇಕಂತಲೇ ಮನಸ್ಸಿಗೆ ತಂದುಕೊಳ್ಳುತ್ತೀರಿ. ಅದಕ್ಕೆ ಬಾಯಿಬಿಟ್ಟು ಹೆಸರು ಹೇಳುತ್ತೀರಿ. ಒಂದೇ ಲಯದಲ್ಲಿ ಬೆರಳು ಆಡುವುದರಿಂದ ಗಮನದ ಒಂದು ಭಾಗ ಮೈಯ ಮೇಲೆ ಇರುತ್ತದೆ, ಉಸಿರು ತಾನಾಗಿ ನಿಧಾನ ಆಗುತ್ತದೆ. ಇವುಗಳಲ್ಲಿ ಹಲವಕ್ಕೆ ಮನಶ್ಶಾಸ್ತ್ರದಲ್ಲಿ ಆಧಾರ ಇದೆ. ಹೆದರಿಸುವ ನೆನಪನ್ನು ಸುರಕ್ಷಿತವಾಗಿರುವಾಗ ಸ್ವಲ್ಪ ಸ್ವಲ್ಪವೇ ಎದುರಿಸಿದರೆ ಅದರ ಬಿಸಿ ಇಳಿಯುತ್ತದೆ. ಭಯ, ಸಿಟ್ಟಿನ ಚಿತ್ರ ನೋಡುವಾಗ ಅದಕ್ಕೆ ಹೆಸರು ಕೊಟ್ಟರೆ, ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲ ಅನ್ನುವ ಭಾಗದ ಚುರುಕು ಕಡಿಮೆ ಆಗುತ್ತದೆ ಅಂತ ಲಾಸ್ ಏಂಜಲೀಸ್‌ನ ವಿಜ್ಞಾನಿಗಳು 2007ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿದರು. ನಿಧಾನದ ಉಸಿರು ಎದೆಬಡಿತವನ್ನು ಇಳಿಸುತ್ತದೆ.

ನನ್ನ ಅಭಿಪ್ರಾಯ ಇಷ್ಟೇ. ಎಲ್ಲಿ ತಟ್ಟುತ್ತೀರಿ ಅನ್ನುವುದು ಅಷ್ಟು ಮುಖ್ಯ ಅಲ್ಲ. ಏನನ್ನು ನೆನೆಯುತ್ತಾ, ಎಷ್ಟು ನಿಜ ಹೇಳುತ್ತಾ ತಟ್ಟುತ್ತೀರಿ ಅನ್ನುವುದೇ ಮುಖ್ಯ. ಮೊದಲ ದಿನ ಹಗುರ ಆಗಿ ಆಮೇಲೆ ಏನೂ ಆಗದೇ ಇರುವುದಕ್ಕೆ ಇದೇ ಕಾರಣ ಇರಬೇಕು. ಮೊದಲ ದಿನ ನಿಮ್ಮ ಮನಸ್ಸಿನಲ್ಲಿ ಆ ತಟ್ಟೆಯ ಗಲಾಟೆ ಹಸಿಯಾಗಿ ಇತ್ತು. ಆಮೇಲೆ ವಿಡಿಯೋದವರು ಹೇಳಿದ್ದನ್ನು ಹೇಳುತ್ತಾ ಬೆರಳು ಮಾತ್ರ ಆಡಿಸಿದಿರಿ.

ಈಗ ಮಾಡುವ ಕ್ರಮ. ತೋರುಬೆರಳು, ನಡುಬೆರಳು ಎರಡೂ ಸೇರಿಸಿ. ಮೇಜಿನ ಮೇಲೆ ಸಣ್ಣಗೆ ತಾಳ ಹಾಕುವಷ್ಟು ಜೋರು ಸಾಕು, ನೋಯಬಾರದು. ಮೊದಲು ಅಂಗೈಯ ಹೊರ ಅಂಚು, ಕಿರುಬೆರಳಿನ ಕೆಳಗಿನ ಮೆತ್ತನೆ ಜಾಗ. ಅಲ್ಲಿ ತಟ್ಟುತ್ತಾ ನಿಮ್ಮ ಕಷ್ಟವನ್ನು ಪೂರ್ತಿ ವಾಕ್ಯದಲ್ಲಿ ಮೂರು ಸಲ ಹೇಳಿ. ಆಮೇಲೆ ಹುಬ್ಬು ಮೂಗಿನ ಕಡೆ ಶುರುವಾಗುವ ಜಾಗ. ಕಣ್ಣಿನ ಹೊರ ತುದಿಯ ಪಕ್ಕದ ಮೂಳೆ. ಕಣ್ಣಿನ ಕೆಳಗಿನ ಮೂಳೆ. ಮೂಗಿಗೂ ಮೇಲ್ತುಟಿಗೂ ನಡುವೆ. ಕೆಳತುಟಿಯ ಕೆಳಗಿನ ಗುಳಿ. ಕೊರಳ ಎಲುಬು (ಕಾಲರ್ ಬೋನ್) ಶುರುವಾಗುವ ಕಡೆ ಸ್ವಲ್ಪ ಕೆಳಗೆ, ಸ್ವಲ್ಪ ಪಕ್ಕಕ್ಕೆ. ಕಂಕುಳಿನಿಂದ ನಾಲ್ಕು ಬೆರಳು ಕೆಳಗೆ. ಕೊನೆಗೆ ನೆತ್ತಿ. ಒಂದೊಂದು ಕಡೆ ಏಳೆಂಟು ಸಲ ತಟ್ಟುತ್ತಾ ಕಷ್ಟವನ್ನು ಎರಡು ಮೂರು ಪದದಲ್ಲಿ ಹೇಳುತ್ತಾ ಹೋಗಿ. ಎಡ ಬಲ ಯಾವ ಕಡೆ ಆದರೂ ಸರಿ. ಕನ್ನಡಕ ತೆಗೆದಿಡಿ. ಒಂದು ಬಿಂದು ತಪ್ಪಿದರೆ ಏನೋ ಆಗಿಬಿಡುತ್ತದೆ ಅಂತ ಗಾಬರಿ ಬೇಡ, ಏನೂ ಆಗುವುದಿಲ್ಲ. ಗಾಯ, ಚರ್ಮದ ತೊಂದರೆ ಇರುವ ಕಡೆ ಬಿಟ್ಟುಬಿಡಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಬೆರಳಿಟ್ಟು ಮೆಲ್ಲಗೆ ಒತ್ತಿಕೊಂಡರೆ ಸಾಕು.

ಶುರು ಮಾಡುವ ಮುಂಚೆ ಒಂದು ಅಂಕಿ ಹಾಕಿಕೊಳ್ಳಿ. ಈ ಕ್ಷಣ ನೆನೆದರೆ ಸಂಕಟ ಎಷ್ಟಿದೆ? ಏನೂ ಇಲ್ಲ ಅಂದರೆ ಸೊನ್ನೆ, ತಡೆಯಲಾರೆ ಅಂದರೆ ಹತ್ತು. ಈ ಬಗೆಯ ಅಳತೆಯನ್ನು ಜೋಸೆಫ್ ವೋಲ್ಪೆ ಅನ್ನುವ ಮನೋವೈದ್ಯರು 1960ರ ದಶಕದಲ್ಲೇ ಭಯದ ಚಿಕಿತ್ಸೆಗೆ ಬಳಸುತ್ತಿದ್ದರು. ಟ್ಯಾಪಿಂಗ್‌ನವರು ಅಲ್ಲಿಂದಲೇ ತಂದದ್ದು. ಒಂದು ಸುತ್ತು ಆದ ಮೇಲೆ ಮತ್ತೆ ಅಂಕಿ ಹಾಕಿ. ಎಂಟು ಇದ್ದದ್ದು ಐದಕ್ಕೆ ಬಂದರೆ ಅವತ್ತಿಗೆ ಅಷ್ಟೇ ಸಾಕು. ಸೊನ್ನೆ ಆಗಲೇಬೇಕು ಅಂತ ಹಠ ಹಿಡಿದು ತಟ್ಟುತ್ತಾ ಕೂರುವುದರಿಂದ ಇನ್ನೊಂದು ಒತ್ತಡ ಸೇರುತ್ತದೆ ಅಷ್ಟೇ.

ಇನ್ನು ಮಾತಿನ ವಿಷಯ. ‘ನನ್ನನ್ನು ನಾನು ಪೂರ್ತಿಯಾಗಿ ಪ್ರೀತಿಸುತ್ತೇನೆ’ ಅನ್ನುವುದು ಸುಳ್ಳು ಅನಿಸಿದರೆ ಹೇಳಬೇಡಿ. ಸುಳ್ಳು ಅನಿಸುವ ಮಾತನ್ನು ಹೇಳಿಕೊಂಡಷ್ಟೂ ಮನಸ್ಸು ಒಳಗಿಂದ ಎದುರು ವಾದ ಹೂಡುತ್ತದೆ. ನಿಮ್ಮ ಅಕ್ಕನ ಹತ್ತಿರ, ಯಾರೂ ಕೇಳಿಸಿಕೊಳ್ಳುತ್ತಿಲ್ಲ ಅನ್ನುವ ಧೈರ್ಯದಲ್ಲಿ ಹೇಗೆ ಹೇಳುತ್ತೀರೋ ಹಾಗೆ ಹೇಳಿ. ‘ಅತ್ತೆ ತಟ್ಟೆ ತಳ್ಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಸದ್ಯಕ್ಕೆ ನನ್ನ ಸ್ಥಿತಿ ಹೀಗಿದೆ.’ ಇಷ್ಟು ಸಾಕು. ‘ಆದರೂ ನಾನು ಕೆಟ್ಟವಳಲ್ಲ’ ಅನ್ನುವುದು ನಿಜ ಅನಿಸಿದ ದಿನ ಅದನ್ನೂ ಸೇರಿಸಿ.

‘ನನಗೆ ತುಂಬಾ ಟೆನ್ಷನ್’ ಅಂತ ತಟ್ಟಿದರೆ ಜಾಸ್ತಿ ಏನೂ ಆಗುವುದಿಲ್ಲ. ಅದು ತೀರಾ ದೊಡ್ಡ ಮಾತು, ಹಿಡಿತಕ್ಕೆ ಸಿಗುವುದಿಲ್ಲ. ನೀವು ಬರೆದ ಆ ಒಂದು ಬೆಳಿಗ್ಗೆಯನ್ನೇ ತೆಗೆದುಕೊಳ್ಳಿ. ತಟ್ಟೆ ತಳ್ಳಿದರು, ನೀವು ಕಿರುಚಿದಿರಿ. ಕೇಳಲು ಒಂದೇ ಘಟನೆ. ಆದರೆ ಒಳಗೆ ಎಷ್ಟೊಂದು ಇದೆ ನೋಡಿ. ರೈಲು ತಪ್ಪುತ್ತದೆ ಅನ್ನುವ ಆತುರ. ತಡವಾದರೆ ಆಫೀಸಿನಲ್ಲಿ ಏನಂತಾರೋ ಅನ್ನುವ ಭಯ. ಕಷ್ಟಪಟ್ಟು ಮಾಡಿದ್ದನ್ನು ತಳ್ಳಿದರಲ್ಲ ಅನ್ನುವ ಅವಮಾನ. ಪಕ್ಕದ ಮನೆಯವರಿಗೆ ಕೇಳಿಸಿತೇನೋ ಅನ್ನುವ ನಾಚಿಕೆ. ಮನೆಯಲ್ಲಿ ಉಳಿದವರು ಪೇಪರ್ ಓದುತ್ತಾ ಕೂತಿದ್ದರೆ ಅವರ ಮೇಲಿನ ಉರಿ. ಕಾಯಿಲೆಯವರ ಮೇಲೆ ಕೂಗಿದೆನಲ್ಲ ಅನ್ನುವ ಪಾಪಪ್ರಜ್ಞೆ. ಒಂದು ಕಾಲದಲ್ಲಿ ಇಡೀ ಮನೆ ನಡೆಸುತ್ತಿದ್ದ ಹೆಂಗಸು ಇವತ್ತು ತಟ್ಟೆ ಹಿಡಿಯಲಾರದೆ ಕೂತಿದ್ದಾರಲ್ಲ ಅನ್ನುವ ದುಃಖವೂ ಇದ್ದೀತು. ಇವೆಲ್ಲ ನಿಮ್ಮಲ್ಲಿ ಇವೆ ಅಂತ ನಾನು ಹೇಳುತ್ತಿಲ್ಲ. ಇರಬಹುದಾದವು. ಯಾವುದು ಇದೆ ಅಂತ ನೀವೇ ನೋಡಿಕೊಳ್ಳಬೇಕು.

ಒಂದು ಸಲಕ್ಕೆ ಒಂದನ್ನೇ ಹಿಡಿಯಿರಿ. ಮೊದಲು ಸಿಟ್ಟು ಅಂದುಕೊಳ್ಳಿ. ಅದು ಮೈಯಲ್ಲಿ ಎಲ್ಲಿದೆ? ದವಡೆಯಲ್ಲಾ, ಎದೆಯಲ್ಲಾ, ಹೊಟ್ಟೆಯಲ್ಲಾ? ‘ದವಡೆ ಬಿಗಿದಿರುವ ಈ ಸಿಟ್ಟು’ ಅಂತ ಹೇಳುತ್ತಾ ತಟ್ಟಿ. ಎರಡು ಮೂರು ಸುತ್ತಿಗೆ ಸಿಟ್ಟು ಇಳಿದು ಥಟ್ಟನೆ ಅಳು ಬಂದರೆ ಗಾಬರಿ ಆಗಬೇಡಿ. ಕೆಟ್ಟದ್ದೇನೂ ಆಗಿಲ್ಲ. ಸಿಟ್ಟಿನ ಕೆಳಗೆ ಇದ್ದದ್ದು ಮೇಲೆ ಬಂತು. ಹೊಸ ಅಂಕಿ ಹಾಕಿ, ‘ಈ ಅಳು’ ಅಂತ ಅದನ್ನು ಹಿಡಿಯಿರಿ. ಬಹಳ ಜನ ಇಲ್ಲೇ ನಿಲ್ಲಿಸಿಬಿಡುತ್ತಾರೆ. ಟ್ಯಾಪಿಂಗ್ ಮಾಡಿದರೆ ಜಾಸ್ತಿ ಆಯಿತು ಅನ್ನುತ್ತಾರೆ. ನಿಜವಾಗಿ ನೋಡಿದರೆ ಕೆಲಸ ಶುರುವಾಗುವುದೇ ಅಲ್ಲಿ. ಆಕಳಿಕೆ, ನಿಟ್ಟುಸಿರು ಬರುವುದೂ ಮಾಮೂಲಿ.

ಇನ್ನೊಂದು ಮಾತು. ಬೇಗ ಬೇಗ ಒಳ್ಳೆಯ ಮಾತಿಗೆ ಹೋಗಬೇಡಿ. ‘ನಾನು ಶಾಂತವಾಗಿದ್ದೇನೆ, ನಾನು ಖುಷಿಯಾಗಿದ್ದೇನೆ’ ಅಂತ ಎರಡನೇ ನಿಮಿಷಕ್ಕೇ ಹೇಳಿಸುವ ವಿಡಿಯೋಗಳಿವೆ. ಕೆಟ್ಟ ಭಾವನೆಯನ್ನು ಬಾಯಿಬಿಟ್ಟು ಹೇಳಿದರೆ ಅದು ಗಟ್ಟಿ ಆಗುತ್ತದೆ, ಶುಭ ನುಡಿಯಬೇಕು ಅನ್ನುವ ನಂಬಿಕೆ ನಮ್ಮಲ್ಲಿ ಇದೆ. ಹಾಗಾಗಿ ಆ ವಿಡಿಯೋಗಳು ಹಿಡಿಸುತ್ತವೆ. ಆದರೆ ಇಲ್ಲಿ ಆಗಬೇಕಾದ್ದು ಉಲ್ಟಾ. ಇರುವುದನ್ನು ಇದೆ ಅಂತ ಹೇಳಬೇಕು. ಅಂಕಿ ಮೂರಕ್ಕೋ ಎರಡಕ್ಕೋ ಇಳಿದ ಮೇಲೆ ಸಮಾಧಾನದ ಮಾತು ತಾನಾಗಿ ಬರುತ್ತದೆ.

ಯಾವಾಗ ಮಾಡಬೇಕು? ಬೆಳಿಗ್ಗೆ ಆ ಓಡಾಟದ ನಡುವೆ ಆಗದ ಮಾತು. ಸಂಜೆ ಮನೆಗೆ ಬಂದ ಮೇಲೆ, ಅಡುಗೆಗೆ ಇಳಿಯುವ ಮುಂಚೆ, ಬಾಗಿಲು ಹಾಕಿಕೊಂಡು ಹತ್ತು ನಿಮಿಷ. ಮಹಡಿ ಮೆಟ್ಟಿಲಾದರೂ ಸರಿ, ಬಚ್ಚಲಾದರೂ ಸರಿ. ರೈಲಿನಲ್ಲಿ ಎಲ್ಲರೆದುರು ಮುಖ ತಟ್ಟಿಕೊಳ್ಳಲು ಮುಜುಗರ ಆಗುವುದು ಸಹಜ. ಕ್ರೇಗ್ ಅವರ ಹಳೆಯ ಕ್ರಮದಲ್ಲಿ ಬೆರಳಿನ ಉಗುರಿನ ಪಕ್ಕದ ಜಾಗಗಳೂ ಇದ್ದವು. ಬ್ಯಾಗಿನ ಕೆಳಗೆ ಕೈ ಇಟ್ಟುಕೊಂಡು ಹೆಬ್ಬೆರಳಿನಿಂದ ಒಂದೊಂದೇ ಬೆರಳನ್ನು ಒತ್ತುತ್ತಾ ಮನಸ್ಸಿನಲ್ಲೇ ಹೇಳಿಕೊಳ್ಳಿ. ಉಸಿರು ಒಳಗೆ ತಗೊಳ್ಳುವುದಕ್ಕಿಂತ ಹೊರಗೆ ಬಿಡುವುದು ಉದ್ದ ಇರಲಿ. ಯಲಿಯೂರು ದಾಟಿ ಪಾಂಡವಪುರ ಬರುವಷ್ಟರಲ್ಲಿ ಎದೆಯ ಢವಢವ ಬಹುಮಟ್ಟಿಗೆ ಇಳಿದಿರುತ್ತದೆ. ರಾತ್ರಿ ಮೂರು ಗಂಟೆಗೆ ಎಚ್ಚರ ಆದಾಗ ಮಾತ್ರ ಕಷ್ಟದ ನೆನಪು ಕೆದಕಬೇಡಿ. ಆಗ ಕೊರಳ ಎಲುಬಿನ ಕೆಳಗೆ ಕೈ ಇಟ್ಟು ಮೆಲ್ಲಗೆ ಒತ್ತುತ್ತಾ ಉಸಿರು ಎಣಿಸಿ ಅಷ್ಟೇ. ಮೊಬೈಲ್ ಮುಟ್ಟಬೇಡಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ದಿನನಿತ್ಯದ ಸಿಟ್ಟು, ಆತಂಕಕ್ಕೆ ಮನೆಯಲ್ಲಿ ಒಬ್ಬರೇ ಮಾಡಬಹುದು. ಆದರೆ ದೊಡ್ಡ ಆಘಾತದ ನೆನಪಿಗೆ ಒಬ್ಬರೇ ಕೂತು ತಟ್ಟಬಾರದು. 2018ರ ನವೆಂಬರ್‌ನಲ್ಲಿ ನಿಮ್ಮ ಜಿಲ್ಲೆಯ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು. ಅಂಥದ್ದನ್ನು ಕಣ್ಣಾರೆ ಕಂಡವರಿಗೆ, ಮನೆಯವರನ್ನು ಕಳಕೊಂಡವರಿಗೆ, ಚಿಕ್ಕಂದಿನಲ್ಲಿ ಹಿಂಸೆ ಅನುಭವಿಸಿದವರಿಗೆ ನೆನಪು ಒಮ್ಮೆಲೇ ನುಗ್ಗಿ ಬರುತ್ತದೆ. ತೂಬನ್ನು ಪೂರ್ತಿ ಎತ್ತಿದರೆ ಗದ್ದೆಯ ಬದುವೇ ಕೊಚ್ಚಿಹೋಗುತ್ತದೆ, ಅಲ್ವಾ? ಅಂಥವರು ತರಬೇತಿ ಪಡೆದ ಮನೋವೈದ್ಯರು ಇಲ್ಲವೇ ಮನಶ್ಶಾಸ್ತ್ರಜ್ಞರ ಎದುರಲ್ಲೇ ಇದನ್ನೆಲ್ಲ ಮುಟ್ಟಬೇಕು. ನಿಮಗೂ ತಟ್ಟುವಾಗ ಅಂಥದ್ದೇನಾದರೂ ಎದ್ದು ಬಂದರೆ ತಕ್ಷಣ ನಿಲ್ಲಿಸಿ. ಕಣ್ಣು ಬಿಟ್ಟು ಕೋಣೆಯಲ್ಲಿರುವ ಐದು ವಸ್ತುಗಳ ಹೆಸರು ಹೇಳಿ. ತಣ್ಣೀರಿನಲ್ಲಿ ಮುಖ ತೊಳೆಯಿರಿ. ಯಾರ ಜೊತೆಗಾದರೂ ಕೂರಿ.

ನಸುಕಿನಲ್ಲಿ ಎಚ್ಚರ ಆಗಿ ನಿದ್ದೆ ಬಾರದೇ ಇರುವುದು ಖಿನ್ನತೆಯ ಲಕ್ಷಣವೂ ಹೌದು. ಅದರ ಜೊತೆ ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಊಟ ಸೇರದಿದ್ದರೆ, ನಾನಿದ್ದು ಏನು ಪ್ರಯೋಜನ ಅನಿಸಿದರೆ ಟ್ಯಾಪಿಂಗ್ ಪಕ್ಕಕ್ಕಿಟ್ಟು ವೈದ್ಯರನ್ನು ಕಾಣಿ. ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡರಲ್ಲೂ ಮನೋವೈದ್ಯಕೀಯ ವಿಭಾಗ ಇದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆ ಇದೆ, ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಒಂದೇ ಒಂದು ಸಲ ಬಂದರೂ ಅವತ್ತೇ ಫೋನ್ ಮಾಡಿ.

ನೀವು ಕೇಳದ ಒಂದು ವಿಷಯ ಇದೆ. ಅದನ್ನು ಹೇಳದೆ ಇರಲು ನನಗೆ ಆಗುತ್ತಿಲ್ಲ. ಅತ್ತೆ ತಟ್ಟೆ ತಳ್ಳಿದ್ದು ಯಾಕೆ? ಹಠಕ್ಕೇ ಇರಬಹುದು. ಆದರೆ ಲಕ್ವ ಆದವರಲ್ಲಿ ಬಹಳ ಜನಕ್ಕೆ ನುಂಗುವ ತೊಂದರೆ ಇರುತ್ತದೆ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಕೆಮ್ಮು ಬರುತ್ತದೆ, ತಿನ್ನಲು ಹೆದರುತ್ತಾರೆ, ಮಾತು ತೊದಲುವುದರಿಂದ ಹೇಳಲಾರರು. ಕೆಲವರಿಗೆ ತಟ್ಟೆಯ ಒಂದು ಪಕ್ಕದಲ್ಲಿ ಇರುವುದು ಕಾಣುವುದೇ ಇಲ್ಲ. ಲಕ್ವದ ನಂತರ ಖಿನ್ನತೆ ಬರುವುದೂ ತುಂಬಾ ಸಾಮಾನ್ಯ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು, ನುಂಗುವಿಕೆ ಎರಡನ್ನೂ ನೋಡುತ್ತಾರೆ. ನೀವು ದಿನಾ ಬರುವ ಊರೇ ಅಲ್ವಾ. ಒಂದು ದಿನ ಅವರನ್ನು ಕರೆತನ್ನಿ. ತಿಂಡಿಯ ಹದ ಬದಲಾಯಿಸಿದ್ದಕ್ಕೇ ಬೆಳಗಿನ ಅರ್ಧ ಜಗಳ ನಿಂತ ಮನೆಗಳನ್ನು ನಾನು ಕಂಡಿದ್ದೇನೆ.

ಹಾಗೇ, ಈ ಎಲ್ಲ ಕೆಲಸ ನಿಮ್ಮೊಬ್ಬರ ಮೇಲೇ ಯಾಕಿದೆ? ಯಜಮಾನರು ಸ್ನಾನ ಮಾಡಿಸಲಿ, ನೀವು ತಿಂಡಿ ನೋಡಿಕೊಳ್ಳಿ. ನಾದಿನಿ, ಮೈದುನ ಇದ್ದರೆ ವಾರಕ್ಕೆ ಒಂದು ದಿನ ಅವರಿಗೆ ವಹಿಸಿ. ಬೆಳಗಿನ ಎರಡು ಗಂಟೆಗೆ ಒಬ್ಬ ಸಹಾಯಕಿಯನ್ನು ಇಟ್ಟುಕೊಳ್ಳಲು ಆದರೆ ಅದಕ್ಕೆ ದುಡ್ಡು ಹಾಕಿ. ಸಿಟ್ಟು ಸುಮ್ನೆ ಬರುವುದಿಲ್ಲ. ಇಬ್ಬರು ಹೊರಬೇಕಾದ ಭಾರ ಒಬ್ಬರ ಮೇಲೆ ಬಿದ್ದಿದೆ ಅಂತ ಅದು ಹೇಳುತ್ತಿರಬಹುದು. ತಟ್ಟಿ ತಟ್ಟಿ ಆ ಸಿಟ್ಟನ್ನು ಸುಮ್ಮನಾಗಿಸಿ, ಭಾರವನ್ನು ಹಾಗೇ ಹೊತ್ತುಕೊಂಡು ಹೋದರೆ ಇನ್ನೊಂದು ಕಡೆ ಮೈ ಮುರಿಯುತ್ತದೆ. ಸಂಜೆ ತಟ್ಟಿಕೊಂಡು ಮನಸ್ಸು ಸ್ವಲ್ಪ ತಣ್ಣಗಾದ ಮೇಲೆ ಯಜಮಾನರ ಹತ್ತಿರ ಈ ಮಾತು ಎತ್ತಿ. ಉರಿಯುವಾಗ ಎತ್ತಿದರೆ ಜಗಳ ಆಗುತ್ತದೆ, ತಣ್ಣಗಿದ್ದಾಗ ಎತ್ತಿದರೆ ಮಾತು ಮುಂದೆ ಹೋಗುತ್ತದೆ. ಟ್ಯಾಪಿಂಗ್‌ನಿಂದ ನಿಮಗೆ ಆಗುವ ದೊಡ್ಡ ಉಪಯೋಗ ಇದೇ ಇರಬಹುದು.

ಶಿಬಿರಕ್ಕೆ ದುಡ್ಡು ಕಟ್ಟಬೇಕಾಗಿಲ್ಲ. ಕಲಿಯುವುದು ಇಷ್ಟೇ ಇದೆ, ಮೇಲೆ ಹೇಳಿಬಿಟ್ಟಿದ್ದೇನೆ. ಹತ್ತು ಜನರ ಜೊತೆ ಕೂತು ಮಾಡಿದರೆ ಧೈರ್ಯ ಬರುತ್ತದೆ ಅಂತ ಹೋಗುವುದಾದರೆ ಹೋಗಿ, ತಪ್ಪಿಲ್ಲ. ಆದರೆ ಹೇಳಿಕೊಡುವವರು ಏನು ಓದಿದ್ದಾರೆ ಅಂತ ಕೇಳಿ. ಮಾತ್ರೆ ಬಿಡಿ ಅನ್ನುವವರು, ಶುಗರ್, ಕ್ಯಾನ್ಸರ್ ಎಲ್ಲ ಹೋಗುತ್ತದೆ ಅನ್ನುವವರು, ಗುಣ ಆಗದಿದ್ದರೆ ನಿಮ್ಮ ನಂಬಿಕೆ ಸಾಲದು ಅನ್ನುವವರು, ಮೊದಲ ಹಂತ ಮುಗಿಯುವ ಮುಂಚೆಯೇ ಎರಡನೇ ಹಂತಕ್ಕೆ ದುಡ್ಡು ಕೇಳುವವರು ಸಿಕ್ಕರೆ ಎದ್ದು ಬನ್ನಿ. ಆ ದುಡ್ಡಿನಲ್ಲಿ ಸಹಾಯಕಿಗೆ ಒಂದು ತಿಂಗಳ ಸಂಬಳ ಆಗುತ್ತದೆ.

ಮಗಳಿಗೆ ಹೇಳಿಕೊಡಬಹುದು. ಪರೀಕ್ಷೆಯ ಭಯಕ್ಕೆ ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ. ಬಲವಂತ ಬೇಡ. ‘ಭಯ ಬೇಡ’ ಅಂತ ಹೇಳಿಸಬೇಡಿ. ‘ಗಣಿತದ ಪೇಪರ್ ನೆನೆಸಿಕೊಂಡರೆ ಹೊಟ್ಟೆ ತೊಳಸುತ್ತದೆ’ ಅಂತ ಅವಳ ಮಾತಲ್ಲೇ ಹೇಳಲಿ. ಪರೀಕ್ಷೆಯ ದಿನ ಹೊಸದಾಗಿ ಶುರು ಮಾಡಿಸಬೇಡಿ, ಒಂದು ತಿಂಗಳ ಮುಂಚಿನಿಂದ ಸಂಜೆ ಐದು ನಿಮಿಷ ಇಬ್ಬರೂ ಒಟ್ಟಿಗೆ ಕೂತು ಮಾಡಿ. ಹಾಲ್‌ನಲ್ಲಿ ಮುಖ ತಟ್ಟಿಕೊಳ್ಳಲು ಆಗುವುದಿಲ್ಲವಾದ್ದರಿಂದ ಬೆರಳು ಒತ್ತುವ ಕ್ರಮವನ್ನೇ ಅವಳಿಗೆ ರೂಢಿ ಮಾಡಿಸಿ. ಬೆಳಿಗ್ಗೆ ಅಜ್ಜಿಯ ಮೇಲೆ ನೀವು ಕೂಗಿದ್ದನ್ನು ಅವಳೂ ಕೇಳಿಸಿಕೊಂಡಿರುತ್ತಾಳೆ. ಅದರ ಬಗ್ಗೆ ಅವಳು ಏನಾದರೂ ಹೇಳಿದರೆ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿ.